ಹಾಜರಿ ಕೂಗಿ ಸಾ!

ನಮ್ಮತ್ತೆಗೆ ಮಾತು ಬಾರದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ನಮ್ಮ ಶಾಲೆಗೆ ಎರಡು ಹೊಸ ಕೊಠಡಿಗಳು ಬಂದಿರುತ್ತಿದ್ದವು! ಇದು ನನ್ನ ಮಾತಲ್ಲ, ನಮ್ಮ ಹೆಡ್‌ಮಾಸ್ಟರು ಎಚ್ಚೆಮ್ ಸಾರ್ ಮಾತು. ಶಾಲಾ ಸಮಿತಿಯ ಅಧ್ಯಕ್ಷೆಯಾಗಿ ನಾನು ಇದನ್ನು ಬಹಿರಂಗವಾಗಿ ಒಪ್ಪುವಂತಿಲ್ಲ. ಸೋದರಸೊಸೆಯಾಗಿ ಅಲ್ಲಗಳೆಯುವಂತೆಯೂ ಇಲ್ಲ. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಹೆಸರು ಬರೆಯುವುದಿಲ್ಲ. ಬರೆದರೆ, “ಸಭೇಲಿ ಒಪ್ಗೆ ತಗೊಂಡ್ಯೇನೇ?” ಎಂದು ಕೇಳುತ್ತಾಳೆ. ಕೇಳಿದರೆ ಸಭೆ ಕರೆಯಬೇಕಾಗುತ್ತದೆ. ಅವಳಿರುವ ಸಭೆಯನ್ನು ಕರೆಯುವುದಕ್ಕಿಂತ ಈ ಹಾಳೆಗಳನ್ನು ಸುಟ್ಟುಹಾಕುವುದು ಸುಲಭ.

ತಮಿಳುನಾಡಿನ ಗಡಿಯ ಹೊಸೂರಿನಿಂದ ಸಾನಮಾವಿನ ಕಡೆಗೆ ಹೋಗುವ ದಾರಿಯಲ್ಲಿರುವ ಸರ್ಕಾರಿ ಶಾಲೆ ನಮ್ಮದು. ತಮಿಳು ವಿಭಾಗ, ಕನ್ನಡ ವಿಭಾಗ ಎರಡೂ ಒಂದೇ ಕಾಂಪೌಂಡಿನಲ್ಲಿವೆ. ತೆಲುಗು ಆಟದ ಬಯಲಿನಲ್ಲಿದೆ. ಸಮಿತಿಯಲ್ಲಿ ಹೆಚ್ಚಿನವರು ತಂದೆತಾಯಿಯರು; ಜೊತೆಗೆ ಮೇಷ್ಟ್ರುಗಳು, ಕೊನೆಗೆ ಕೆಲವರು ಹಳೆಯ ವಿದ್ಯಾರ್ಥಿಗಳು. ಅಧ್ಯಕ್ಷೆಯಾಗುವವಳು ಅಲ್ಲಿ ಓದುವ ಮಗುವಿನ ತಾಯಿಯಾಗಿರಬೇಕು. ಆಯ್ಕೆಯ ದಿನ “ಯಾರು ನಿಲ್ತೀರಮ್ಮಾ?” ಎಂದು ಕೇಳಿದಾಗ ಎಲ್ಲ ತಾಯಂದಿರೂ ನೆಲ ನೋಡಿದರು. ನಾನೊಬ್ಬಳು ಸೂರಿನಲ್ಲಿದ್ದ ಗುಬ್ಬಿಯನ್ನು ನೋಡುತ್ತಿದ್ದೆ. ತಲೆ ಎತ್ತಿದವಳೇ ಅಧ್ಯಕ್ಷೆ ಎಂದು ಚಪ್ಪಾಳೆ ತಟ್ಟಿಬಿಟ್ಟರು! (ಆ ದಿನದ ಡೈರಿಯಲ್ಲಿ ‘ಪಾರಿವಾಳ’ ಎಂದಿದೆ. ನೆನಪಿನಲ್ಲಿ ಈಗಲೂ ಗುಬ್ಬಿಯೇ ಕೂತಿದೆ. ಎಂ.ಎ. ಓದಿದ್ದರಿಂದ ನನಗಾದ ಒಂದೇ ಲಾಭವೆಂದರೆ ನನ್ನ ನೆನಪನ್ನು ನಾನೇ ನಂಬದಿರುವುದು. ಹಾಗಾಗಿ ಮುಂದಿನದನ್ನೆಲ್ಲ ಡೈರಿಯ ಜೊತೆ ತಾಳೆ ನೋಡಿಯೇ ಬರೆಯುತ್ತಿದ್ದೇನೆ.)

ಹಳೆಯ ವಿದ್ಯಾರ್ಥಿಗಳ ಸರದಿ ಬಂತು. ಎಚ್ಚೆಮ್ ಸಾರ್ ಮನಸ್ಸಿನಲ್ಲಿದ್ದದ್ದು ಕಾಲೇಜು ಮುಗಿಸಿದ, ಕಂಪ್ಯೂಟರ್ ಬಲ್ಲ ಹುಡುಗರು. ಅಂಥ ಇಬ್ಬರು ಕೈಯೆತ್ತಿದರು ಕೂಡ. ಅವರ ಹಿಂದಿನಿಂದ ಎದ್ದು ನಿಂತವಳು ಅರವತ್ತು ದಾಟಿದ ನಮ್ಮತ್ತೆ. ಆಲಸನತ್ತಂನಲ್ಲಿರುವ ಮಗನ ಮನೆಯಿಂದ ಬಸ್ಸು ಹಿಡಿದು ಬಂದಿದ್ದಳು.

“ನಾನೂ ಹಳೇ ವಿದ್ಯಾರ್ಥಿನೇ ಸಾ.”

“ಅಮ್ಮಾ, ಇದು ಯಂಗ್‌ಸ್ಟರ್ಸ್‌ಗೆ...”

“ರೂಲ್ಸಲ್ಲಿ ‘ಹಳೇ’ ಅಂತ ಬರ್ದವ್ರೋ, ‘ಹೊಸಾ’ ಅಂತ ಬರ್ದವ್ರೋ? ನನಗಿಂತ ಹಳೇದು ಇನ್ಯಾವುದೈತೆ ಇಲ್ಲಿ, ತೋರ್ಸಿ ನೋಡಾನ!”

ತೋರಿಸಲು ಒಂದು ಹುಣಸೆಮರ ಮಾತ್ರ ಇತ್ತು. ಅದು ಕೈಯೆತ್ತಿರಲಿಲ್ಲ. ಅತ್ತೆ ಆಯ್ಕೆಯಾದಳು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ತಿಂಗಳಿಗೊಂದು ಶುಕ್ರವಾರ ಸಭೆ. ಹಾಜರಿಗೆಂದು ಎಚ್ಚೆಮ್ ಸಾರ್ ಒಂದು ಪುಸ್ತಕ ಇಟ್ಟಿರುತ್ತಾರೆ. ಬಂದವರು ಸಹಿ ಹಾಕಿ ಕೂರುವುದು, ಅವರು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಮೇಲಕ್ಕೆ ಕಳಿಸುವುದು. ಎರಡು ನಿಮಿಷದ ಕೆಲಸ. ಮೊದಲ ಸಭೆಯಲ್ಲೇ ಅತ್ತೆ ಪೆನ್ನು ಮುಟ್ಟಲಿಲ್ಲ.

“ಹಾಜರಿ ಕೂಗಿ ಸಾ.”

“ಕೈಯೆಳುತ್ತು ಪೋಟ್ಟಾ ಪೋದುಮ್ಮಾ,” ಎಂದರು ಸಾರ್. ಸಹಿ ಹಾಕಿದರೆ ಸಾಕು ಎಂದು. ಅವರು ಧರ್ಮಪುರಿ ಕಡೆಯವರು. ಕನ್ನಡ ಕಲಿತಿದ್ದಾರೆ, ಆದರೆ ಗಾಬರಿಯಾದಾಗ ತಮಿಳಿಗೆ ಓಡಿಬಿಡುತ್ತಾರೆ.

“ಸೈನು ಯಾರ್ ಬೇಕಾದ್ರೂ ಹಾಕ್ಬೋದು. ನಿಮ್ ಬಾಯಿಂದ ಹೆಸ್ರು ಬರ್ಬೇಕು, ಆಮೇಕೆ ನಮ್ ಬಾಯಿಂದ ಉತ್ರ ಬರ್ಬೇಕು. ಅದು ಹಾಜರಿ. ಇದೇನು, ಪಾರ್ಸಲ್ ಬಂದ್ರೆ ಹಾಕ್ಸ್ಕೊಂಡಂಗೆ!”

ಕೂಗಿದರು. ಏನು ಮಾಡುತ್ತಾರೆ! ಒಂದೊಂದೇ ಹೆಸರು ಕೂಗುತ್ತ ಕೊನೆಗೆ ಅತ್ತೆಯ ಹೆಸರಿಗೆ ಬಂದರು. ಅವಳು ಎದ್ದಳು. ಸೆರಗು ಸರಿಮಾಡಿಕೊಂಡಳು. ಕೈಕಟ್ಟಿದಳು. ಆಮೇಲೆ, “ಬಂದಿವ್ನಿ ಸಾ!” ಎಂದು ಅರಚಿದಳು ನೋಡಿ, ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಬೈಕು ನಿಂತು, ಯಾರನ್ನು ಕರೆದದ್ದೆಂದು ಹಿಂತಿರುಗಿ ನೋಡಿ ಹೋಯಿತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಪುಣ್ಯವಂತೆ. ಆ ಹೊತ್ತಿಗೆ ಮುನಿರಾಜು ಓಡಿಬಂದ. ಅವನು ಮೂರನೇ ಕ್ಲಾಸಿನ ಹುಡುಗಿಯ ಅಪ್ಪ, ಲಾರಿ ಕಾರ್ಖಾನೆಯಲ್ಲಿ ಎರಡನೇ ಶಿಫ್ಟು. ಅತ್ತೆ ಅವನನ್ನು ನೋಡಿ ಹೇಳಿದಳು: “ಒಬ್ರು ಜಾಸ್ತಿ ಆದ್ರಲ್ಲ ಸಾ. ಮೊದ್ಲಿಂದ ಕೂಗಿ.”

“ಅಕ್ಕಾ, ನನ್ ಬಸ್ ಹೋಗ್ಬುಡ್ತೈತೆ ಕಣಕ್ಕಾ! ಅಲ್ಲಿ ನನ್ ಹಾಜರಿ ಕಟ್ಟಾಯ್ತದೆ!”

“ಅಲ್ಲಿ ಕೂಗ್ತಾರೇನ್ಲಾ?”

“ಇಲ್ಲ, ಮಿಷನ್ ಮೇಲೆ ಬೆಳ್ಳು ಒತ್ಬೇಕು.”

“ಹೆಸ್ರಿಡ್ಕೊಂಡು ಬೆಳ್ಳು ಕೊಡ್ತೀಯಲ್ಲೋ, ನಾಚ್ಕೆ ಆಗಕಿಲ್ವೇನ್ಲಾ!”

ಎರಡನೇ ಸಲ ಕೂಗಿ ಮುಗಿಸುವಷ್ಟರಲ್ಲಿ ಮುನಿರಾಜುವಿನ ಬಸ್ಸೂ ಹೋಯಿತು, ನಮ್ಮ ಹೊಸ ಕೊಠಡಿಯ ವಿಷಯವೂ ಹೋಯಿತು.

ಇನ್ನೊಂದು ತಿಂಗಳು ಸಭೆಗೆ ಬೇಕಾದಷ್ಟು ಜನ ಸೇರಲಿಲ್ಲ. ಸಾನಮಾವಿನ ಕಾಡಿನಿಂದ ಆನೆಗಳು ರಾಗಿ ಹೊಲಕ್ಕೆ ಇಳಿದಿದ್ದವು. ಆ ಕಡೆಯ ತಂದೆತಾಯಿಯರು ಮನೆ ಬಿಟ್ಟು ಹೊರಡುವಂತಿರಲಿಲ್ಲ. ‘ಸದಸ್ಯರ ಕೊರತೆಯಿಂದ ಸಭೆ ಮುಂದೂಡಲಾಯಿತು’ ಎಂದು ಬರೆಯಲು ಹೊರಟರು ಸಾರ್.

“ಕೊರತೆ ಯಾಕೆ ಅಂತ ಬರೀಬೇಕಲ್ಲ ಸಾ? ಆನೆ ಬಂದಿದ್ದು ಸುಳ್ಳಾ?”

“ಆನೆ ಅಂತ ಮಿನಿಟ್ಸಲ್ಲಿ ಹೆಂಗಮ್ಮಾ ಬರಿಯೋದು?”

“ಎರಡು ದೊಡ್ಡವು, ಒಂದು ಮರಿ ಅಂತ ಬರೀರಿ. ಬಂದವರ ಲೆಕ್ಕ ಬೇಕೋ ಬೇಡ್ವೋ?”

ಬರೆದೆವು. ನಮ್ಮ ಸಮಿತಿಯ ದಾಖಲೆಯಲ್ಲಿ ಮೂರು ಆನೆಗಳ ಹಾಜರಿ ಇದೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಆ ಪುಟವನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. ಆಗ ನಾನು ಸೂರಿನಲ್ಲಿ ಗುಬ್ಬಿ ಹುಡುಕುತ್ತಿದ್ದೆ.

ಮತ್ತೊಂದು ಸಲ ನಡಾವಳಿಯಲ್ಲಿ ತಾರೀಕು ತಪ್ಪಾಗಿ ಬಿದ್ದಿತ್ತು. ಅತ್ತೆ ಹಿಡಿದಳು. ಸಾರ್ ಹಣೆ ಚಚ್ಚಿಕೊಂಡು, “ಸಾರಿಮ್ಮಾ, ಎನ್ ತವರುದಾ,” ಎಂದರು. ತಮಿಳಿನಲ್ಲಿ ತವರು ಎಂದರೆ ತಪ್ಪು. ಅದು ಹೊಸೂರಿನಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತು. ಅತ್ತೆಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ಬೇಕೆಂದೇ ಕಣ್ಣರಳಿಸಿದಳು.

“ನಿಮ್ ತವರಾ? ಗಂಡಸ್ರಿಗೆಲ್ಲಿ ಸಾ ತವರು? ಯಾವೂರು?”

ಪಾಪ, ಅವರು ಗೊಂದಲದಲ್ಲಿ “ಧರ್ಮಪುರಿ” ಎಂದುಬಿಟ್ಟರು! ಸಭೆಯೇ ನಕ್ಕಿತು. ಆಮೇಲೆ ಅವರೂ ನಕ್ಕು, “ಸರಿಮ್ಮಾ, ನಿಮ್ಮ ತವರು ಎಲ್ಲಿ?” ಎಂದು ಕೇಳಿದರು. ಅತ್ತೆ ಕಿಟಕಿಯಿಂದಾಚೆಗೆ ಗದ್ದದಲ್ಲೇ ತೋರಿಸಿದಳು. ರಸ್ತೆಯಾಚೆ ಬೈಕುಗಳ ಸಾಲು. ಶಿಫ್ಟಿನವರು ಅಲ್ಲಿ ಗಾಡಿ ನಿಲ್ಲಿಸಿ ಕಂಪನಿ ಬಸ್ಸು ಹತ್ತುತ್ತಾರೆ. “ಅದೇ, ಆ ಕೆಂಪು ಬೈಕು ನಿಂತೈತಲ್ಲ, ಅಲ್ಲಿ ನಮ್ಮಡ್ಗೆ ಮನೆ ಇತ್ತು,” ಎಂದು ಹೇಳಿ, ತಕ್ಷಣ, “ತಾರೀಕು ತಿದ್ದಿ ಸಾ, ಪಕ್ಕದಲ್ಲಿ ಸೈನ್ ಹಾಕಿ,” ಎಂದಳು.

ಹೀಗೆ ಮೂರು ಸಲ ಕೊಠಡಿಯ ವಿಷಯ ಮುಂದಕ್ಕೆ ಹೋದ ಮೇಲೆ ಎಚ್ಚೆಮ್ ಸಾರ್ ಒಂದು ದಿನ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: ಹಳೆಯ ವಿದ್ಯಾರ್ಥಿಯಾಗಿ ಸೇರಿದವರು ಇಲ್ಲಿ ಓದಿದ್ದಕ್ಕೆ ದಾಖಲಾತಿ ರಿಜಿಸ್ಟರಿನ ನಕಲು ಕೊಡಬೇಕಂತೆ, ಹುಡುಗರಿಬ್ಬರದು ಸಿಕ್ಕಿದೆ, ಅತ್ತೆಯದು ಸಿಕ್ಕಿಲ್ಲ, ಸಿಗದಿದ್ದರೆ ಸದಸ್ಯತ್ವ ಇಲ್ಲ. ‘ಖುಷಿಯಾಯಿತು’ ಎಂದು ಆ ದಿನದ ಡೈರಿಯಲ್ಲಿ ಬರೆದಿದ್ದೇನೆ. ಈಗ ಓದಿದರೆ ನಾಚಿಕೆಯಾಗುತ್ತದೆ. ಆದರೂ ಹೊಡೆದುಹಾಕಿಲ್ಲ.

ನಾನೇ ಬೀರು ತೆಗೆದು ಕೂತೆ. ಹುಳು ತಿಂದ ಪುಟಗಳು, ಮುಟ್ಟಿದರೆ ಉದುರುವಂಥ ಅಂಚುಗಳು. ಅಪ್ಪನ ಹೆಸರು ಸಿಕ್ಕಿತು, ದುಂಡಗಿನ ಕನ್ನಡ ಅಕ್ಷರದಲ್ಲಿ. ಅವನಿಗಿಂತ ಹಿಂದಿನ ವರ್ಷಗಳನ್ನು ನೋಡಿದೆ, ಮುಂದಿನವನ್ನೂ ನೋಡಿದೆ. ನನ್ನ ಕಣ್ಣನ್ನೂ ನಂಬದೆ ಮತ್ತೊಮ್ಮೆ ನೋಡಿದೆ. ಅತ್ತೆಯ ಹೆಸರಿಲ್ಲ.

ಅಪ್ಪ ಎರಡು ಬೀದಿ ಆಚೆ ಇದ್ದಾನೆ. ಗಡಿಯಾರದ ಕಾರ್ಖಾನೆಯಿಂದ ನಿವೃತ್ತನಾದವನು. ಮನೆಯ ನಾಲ್ಕು ಗಡಿಯಾರಗಳೂ ನಾಲ್ಕು ಹೊತ್ತು ತೋರಿಸುತ್ತವೆ, ಅದು ಬೇರೆ ಕಥೆ. ನೇರವಾಗಿ ಕೇಳಿದೆ: “ಅತ್ತೆ ಆ ಸ್ಕೂಲಲ್ಲಿ ಓದಿದ್ದು ನಿಜಾನಾ?”

“ಏನೇ ಹಿಂಗ್ ಕೇಳ್ತೀಯ? ನನ್ ಪಕ್ಕದಲ್ಲೇ ಕೂತಿದ್ಲು! ಅವಳಿಲ್ದೆ ನಾನ್ ಕೂತ್ಕೊತಾನೇ ಇರ್ಲಿಲ್ಲ, ಒಂದೇ ಸಮ ಅಳೋನು. ಸೊಂಟದ್ ಮೇಲೆ ಹೊತ್ಕೊಂಡ್ ಬರೋಳು. ಹುಡ್ಗ ಬಾಯ್ಮುಚ್ಕೊಂಡಿರ್ಲಿ ಅಂತ ಮೇಷ್ಟ್ರು ಅವಳ್ನೂ ಕೂರ್ಸ್ಕೊಂಡ್ರು.”

“ಎಷ್ಟು ದಿನ?”

“ಐದನೇ ಕ್ಲಾಸ್ ತಂಕ.”

“ಹಾಜರಿ ಕೂಗುವಾಗ?”

ಅಪ್ಪ ನಕ್ಕ. “ನನ್ ಹೆಸ್ರು ಕೂಗಿದ್ರೆ ನನಗೆ ನಾಚ್ಕೆ. ಅವಳೇ ‘ಬಂದವ್ನೆ ಸಾ’ ಅನ್ನೋಳು.”

“ಅವಳ ಹೆಸರು?”

“ಅವಳ ಹೆಸ್ರೂ ಕೂಗಿರ್ಬೇಕು...” ಎಂದ. ನಗು ನಿಂತಿತು. ಗೋಡೆಯ ಗಡಿಯಾರವನ್ನು ಸ್ವಲ್ಪ ಹೊತ್ತು ನೋಡಿದ. “ಇಲ್ಲ ಕಣೇ. ಕೂಗ್ಲಿಲ್ಲ. ಪರೀಕ್ಷೆ ದಿನ ಒಳಕ್ಕೂ ಬಿಡ್ತಿರ್ಲಿಲ್ಲ. ಕಿಟಕಿ ಹತ್ರ ನಿಂತ್ಕೊಂಡಿರೋಳು.”

ಅಪ್ಪನ ನೆನಪು, ಅದನ್ನು ಬರೆದುಕೊಂಡ ನನ್ನ ಡೈರಿ, ಎರಡನ್ನೂ ಎಷ್ಟು ನಂಬಬೇಕೋ ತಿಳಿಯದು. ಆದರೆ ರಿಜಿಸ್ಟರಿನಲ್ಲಿ ಹೆಸರಿಲ್ಲದ್ದನ್ನು ನಾನೇ ಕಂಡಿದ್ದೆ.

ಮುಂದಿನ ಸಭೆಯಲ್ಲಿ ಆ ವಿಷಯವನ್ನು ಹಾರಿಸಿಬಿಡೋಣ ಎಂದು ನಾನೂ ಸಾರೂ ಕಣ್ಣಲ್ಲೇ ಮಾತಾಡಿಕೊಂಡೆವು. ಬಿಡುತ್ತಾಳೆಯೇ ಅವಳು? “ಕಾಗ್ದದಲ್ಲಿ ಮೊದಲನೇ ವಿಷ್ಯ ನಂದೇ ಅಂತ ಐತೆ. ಅದ್ನೇ ತಗೊಳ್ಳಿ. ಆಮೇಕೆ ಹಾಜರಿ.”

ಸಾರ್ ರಿಜಿಸ್ಟರಿನ ಮೇಲೆ ಕೈಯಿಟ್ಟುಕೊಂಡು, “ಪೇರು ಇಲ್ಲಮ್ಮಾ,” ಎಂದರು.

“ಗೊತ್ತು ಸಾ.”

“ಗೊತ್ತಿದ್ದೂ ಯಾಕಮ್ಮಾ ಸೇರಿದ್ರಿ?”

“ನೀವು ಹಳೇ ವಿದ್ಯಾರ್ಥಿ ಯಾರು ಅಂತ ಕೇಳಿದ್ರಿ. ಹೆಸ್ರಿರೋರು ಯಾರು ಅಂತ ಕೇಳ್ನಿಲ್ಲ.”

ನಾನು ಹೇಗೋ ಬಾಯಿ ಬಿಟ್ಟು, ಅಪ್ಪ ಹೇಳಿದ್ದನ್ನು ಸಭೆಗೆ ಹೇಳಿದೆ. ಮುನಿರಾಜು ಎದ್ದು, “ಸಾ, ಈಗಲೇ ಆ ರಿಜಿಸ್ಟರಲ್ಲಿ ಅಕ್ಕನ್ ಹೆಸ್ರು ಸೇರ್ಸ್‌ಬುಡಿ, ನಾವೆಲ್ಲ ಸಾಕ್ಷಿ!” ಎಂದ.

ತಕ್ಷಣ ಆಕ್ಷೇಪಣೆ. ಯಾರದೆಂದು ಬೇರೆ ಹೇಳಬೇಕೇ?

“ಹಳೇ ರಿಜಿಸ್ಟರ್ ತಿದ್ದಂಗಿಲ್ಲ ಕಣ್ಲಾ. ಯಾರೂ ತಿದ್ದಂಗಿಲ್ಲ.” ಅತ್ತೆ ಚೀಲ ತೆಗೆದುಕೊಂಡು ಎದ್ದಳು. “ಮೆಂಬರಲ್ಲದೋರು ಒಳಗಡೆ ಕೂರಂಗೂ ಇಲ್ಲ. ನೀವು ನಡಸ್ಕೊಳ್ಳಿ.”

ಹೋದಳು. ಮನೆಗಲ್ಲ. ಹೊರಗಿನಿಂದ ಸುತ್ತಿ ಬಂದು ಕಿಟಕಿಯ ಹತ್ತಿರ ನಿಂತಳು, ಸರಳು ಹಿಡಿದು.

ಒಂದು ವರ್ಷದಿಂದ ನಾನು ಹಂಬಲಿಸಿದ್ದ ನೆಮ್ಮದಿಯ ಸಭೆ ಸಿಕ್ಕಿತು. ಯಾರಿಗೂ ಅದನ್ನು ನಡೆಸಲು ಆಗಲಿಲ್ಲ.

ಕೊನೆಗೆ ಮುನಿರಾಜುವೇ ಹೇಳಿದ: “ನಮ್ ಯೂನಿಯನ್ನಲ್ಲಿ ಸ್ಪೆಷಲ್ ಇನ್ವೈಟಿ ಅಂತ ಮಾಡ್ತಾರೆ ಸಾ. ಅದುಕ್ಕೆ ಹಳೇ ಪುಸ್ತಕ ಬ್ಯಾಡ.” ವಿಶೇಷ ಆಹ್ವಾನಿತೆ! ಕೈಗಳು ಎದ್ದವು. ನಮ್ಮ ಸಮಿತಿಯ ಇತಿಹಾಸದಲ್ಲೇ ಇಷ್ಟು ಬೇಗ ಪಾಸಾದ ತೀರ್ಮಾನ ಇನ್ನೊಂದಿಲ್ಲ, ಏಕೆಂದರೆ ಆಕ್ಷೇಪಿಸುವವಳು ಹೊರಗಿದ್ದಳು. ಎಚ್ಚೆಮ್ ಸಾರ್ ಹಾಜರಿ ಪುಸ್ತಕ ತೆರೆದು, ಪಟ್ಟಿಯ ಕೊನೆಯಲ್ಲಿ ಅತ್ತೆಯ ಹೆಸರನ್ನು, ಎಂದಿನಂತೆ ತಮಿಳಿನಲ್ಲಲ್ಲ, ಕನ್ನಡದಲ್ಲಿ, ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದರು. ಆಮೇಲೆ ಹಾಜರಿ ಕೂಗಿದರು. ಎಲ್ಲರದೂ ಆಯಿತು. ಅತ್ತೆಯ ಹೆಸರು ಕೂಗಿದರು.

ಕಿಟಕಿಯಿಂದ ಸದ್ದಿಲ್ಲ.

ನನಗೆ ತಡೆಯಲಾಗಲಿಲ್ಲ. “ಬಂದವ್ಳೆ ಸಾ,” ಎಂದೆ.

“ಏಯ್!” ಎಂದಿತು ಕಿಟಕಿ. “ಒಬ್ರ ಹಾಜರಿ ಇನ್ನೊಬ್ರು ಹೇಳಂಗಿಲ್ಲ! ಮೊದ್ಲಿಂದ ಕೂಗಿ ಸಾ!”

ಮೊದಲಿನಿಂದ ಕೂಗಿದರು. ಹೊರಗೆ ಕಂಪನಿ ಬಸ್ಸಿನ ಹಾರ್ನು ಕೇಳಿತು, ಮುನಿರಾಜು ಏಳಲಿಲ್ಲ. ಕೊನೆಯ ಹೆಸರು ಬರುವಷ್ಟರಲ್ಲಿ ಅತ್ತೆ ಸುತ್ತಿ ಬಂದು ಬಾಗಿಲಲ್ಲಿ ನಿಂತಿದ್ದಳು. ಸೆರಗು ಸರಿಮಾಡಿಕೊಂಡು ಕೈಕಟ್ಟಿದಳು. ಬೈಕು ನಿಲ್ಲಿಸುತ್ತಿದ್ದ ಆ ಗಂಟಲು ಎಲ್ಲಿ ಹೋಯಿತೋ, “ಬಂದಿವ್ನಿ ಸಾ,” ಎಂದದ್ದು ಬಾಗಿಲ ಹತ್ತಿರವೇ ಕೂತಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ಒಳಗೆ ಬಂದು, ರೂಢಿಯಂತೆ ಪುಸ್ತಕ ತನ್ನ ಕಡೆಗೆ ತಿರುಗಿಸಿಕೊಂಡಳು. ನಾನೂ ಬಗ್ಗಿ ನೋಡಿದೆ. ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು. ಆನೆಗಳನ್ನೇ ಬಿಡದವಳು ಒತ್ತನ್ನು ಬಿಡುತ್ತಾಳೆಯೇ? ಆ ಅಕ್ಷರದ ಕೆಳಗೆ ಅವಳ ಬೆರಳು ನಿಂತಿತು. ಸಾರ್ ಕೂಡ ಅದನ್ನು ನೋಡಿದರು. ಗಾಬರಿಯಾಗಿ, ತಪ್ಪೇನಾದರೂ ಇದೆಯೇ ಎಂದು ಕೇಳಲು ತಮಿಳಿಗೆ ಓಡಿದರು.

“ತವರು ಏದಾವದು ಇರುಕ್ಕಾಮ್ಮಾ?”

ಅತ್ತೆ ಬೆರಳು ತೆಗೆಯಲಿಲ್ಲ.

“ಐತೆ ಸಾ. ತವರೈತೆ. ಅಳಿಸ್ಬ್ಯಾಡಿ.”