ಅಲ್ಲಾಡಿಸಿ ನೋಡಿದ ಡಿಸ್ಕು

ಉಪಕಾರ ಪಡೆಯುವುದರಲ್ಲಿ ನಾನು ಧಾರಾಳಿ, ಅದನ್ನು ಒಪ್ಪಿಕೊಳ್ಳುವುದರಲ್ಲಿ ಮಾತ್ರ ಕಡುಜಿಪುಣ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೆ ‘ಥ್ಯಾಂಕ್ಸ್’ ಅನ್ನುತ್ತೇನೆ. ಇಪ್ಪತ್ತೆರಡು ವರ್ಷದಿಂದ ನನ್ನನ್ನು ಸಹಿಸಿಕೊಂಡಿರುವ ಹೆಂಡತಿ ಶಾಂತಾಗೆ ಒಂದು ಸಲವೂ ಅಂದಿಲ್ಲ. ಅಂದರೆ ‘ಏನ್ರೀ, ಜ್ವರಾನಾ?’ ಅಂತ ಹಣೆ ಮುಟ್ಟಿ ನೋಡಿಯಾಳು ಎಂಬ ಭಯವೂ ಇದೆ ಅನ್ನಿ.

ತುರುವೇಕೆರೆಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ. ಮುಂದೆ ಅಂಗಡಿ, ಹಿಂದೆ ಮನೆ. ಒಂದು ಡಿಸ್ಕು ಕೈಕೊಟ್ಟರೆ ಅರ್ಧ ತಾಲ್ಲೂಕಿನ ಮದುವೆಗಳು ಮಾಯವಾದಾವು ಎಂದು ಹೆದರಿ, ಹೋದ ವರ್ಷ ರೇಡ್ ಮಾಡಲು ಹೊರಟೆ. ಮತ್ತೇನಲ್ಲ, ಎರಡು ಡಿಸ್ಕು ಜೋಡಿಸಿ, ಬರೆದದ್ದೆಲ್ಲ ಎರಡರ ಮೇಲೂ ಬೀಳುವಂತೆ ಮಾಡುವುದು. ಒಂದು ಸತ್ತರೆ ಇನ್ನೊಂದು ಇರುತ್ತದೆ. ಮೌಸ್ ಹಿಡಿದು ಮಾಡುವ ಸುಲಭದ ದಾರಿ ಬಿಟ್ಟು, ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡುವ ಚಪಲ ನನಗೆ, ಬಂದುಹೋಗುವವರು ನೋಡಲಿ ಅಂತ. ಅಲ್ಲಿ ಒಂದಕ್ಷರ ತಪ್ಪಿದರೂ ಎಲ್ಲ ಗುಡಿಸಿಹೋಗಬಹುದು. ಮೊದಲ ದಿನವೇ ಮೂರು ಸಲ ತಪ್ಪಿದ್ದು ಕಂಡು ಶಾಂತಾ ಕಟ್ಟಳೆ ಮಾಡಿದಳು: ‘ನಾನು ಓದೋಗಂಟ ಎಂಟರ್ ಒತ್ತಂಗಿಲ್ಲ.’ ನಾನು ಟೈಪ್ ಮಾಡಿ, ಅವಳು ಸೊಪ್ಪು ಬಿಡಿಸುತ್ತಾ ಓದಿ, ರೇಡ್ ಆಯಿತು. ಹೆಸರು ನನಗೆ ಬಂತು.

ಹೋದ ತಿಂಗಳು ಪಕ್ಕದ ಸಂಪಿಗೆ ಊರಿನ ರಂಗಮ್ಮ ಬಂದರು. ‘ನಮ್ ಯಜಮಾನ್ರು ಹೋಗ್ಬುಟ್ರು ಕಣಪ್ಪ. ಕ್ಯಾಮೆರಾ ಕಂಡ್ರೆ ಓಡೋರು, ಮನೇಲಿ ಒಂದು ಪಟಾನೂ ಇಲ್ಲ. ಮಗಳ ಮದ್ವೇಲಿ ಬಡಿಸೋವಾಗ ನೀನು ಹಿಡಿದಿದ್ದೆ ಅಲ್ವಾ? ಶುಕ್ರವಾರ ತಿಥಿ.’ ನನಗೆ ನೆನಪಿತ್ತು. ಸಾರಿನ ಬಕೀಟು ಹಿಡಿದು ಬಾಯ್ತುಂಬ ನಗುತ್ತಿದ್ದ ಚಿತ್ರ. ಮದುಮಕ್ಕಳಿಲ್ಲವೆಂದು ಆಲ್ಬಮ್ಮಿಗೆ ಹಾಕಿರಲಿಲ್ಲ. ಕಂಪ್ಯೂಟರ್ ಹಾಕಿದರೆ, ಒಂದು ಡಿಸ್ಕು ಕೆಟ್ಟಿದೆ ಎಂಬ ಸೂಚನೆ, ನಂಬರ್ ಸಮೇತ. ಇನ್ನೊಂದರಿಂದ ಚಿತ್ರ ತೆಗೆದು ಆಗಲೇ ಕೊಡಬಹುದಿತ್ತು. ಮೊದಲು ರಿಪೇರಿ, ಆಮೇಲೆ ಬಾಕಿ ಎಂಬ ಗತ್ತಿನಲ್ಲಿ ‘ನಾಳೆ ಬನ್ನಿ ಅಮ್ಮ’ ಅಂದೆ.

ಎರಡನ್ನೂ ಬಿಚ್ಚಿದೆ. ನೋಡಲು ಅವಳಿಜವಳಿ. ಮೈಮೇಲೆ ನಂಬರ್ ಇದ್ದೇ ಇತ್ತು. ಕನ್ನಡಕ ಹುಡುಕಲು ಸೋಮಾರಿತನ. ಅಷ್ಟರಲ್ಲಿ ಕೈ ತಾನಾಗಿ ಒಂದೊಂದನ್ನೇ ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿತು. ನಮ್ಮ ಸೀಮೆಯವರ ಕೈಯೇ ಹಾಗೆ. ಅಟ್ಟದ ಮೇಲೆ ವರ್ಷ ಒಣಗಿದ ತೆಂಗಿನಕಾಯಿ ಲೊಡಲೊಡ ಅಂದರೆ ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆ, ಸುಲಿಯಬಹುದು. ಸದ್ದಿಲ್ಲದ್ದು ಇನ್ನೂ ಆಗಿಲ್ಲ. ಒಂದು ಡಿಸ್ಕು ಲೊಡಲೊಡ ಅಂದಿತು. ಆಹಾ, ಇದು ಒಳ್ಳೆಯದು ಎಂದು ಜೋಪಾನವಾಗಿ ಎತ್ತಿಟ್ಟೆ. ಸದ್ದಿಲ್ಲದ ಬಡಪಾಯಿಯನ್ನು ಗುಜರಿಗೆ ಹಾಕುವ ಮುನ್ನ ಅಳಿಸೋಣವೆಂದು ಮತ್ತೆ ಸಿಕ್ಕಿಸಿ, ಪರದೆ ತೋರಿಸಿದ ಅದರ ನಂಬರ್ ಹಾಕಿ ಅಳಿಸುವ ಕಮಾಂಡ್ ಟೈಪ್ ಮಾಡಿ, ‘ಓದೇ’ ಅಂದೆ.

ಶಾಂತಾ ಪರದೆ ನೋಡಿದಳು, ಗೋಡೆಯ ಕ್ಯಾಲೆಂಡರ್ ನೋಡಿದಳು. ಕೆಟ್ಟ ಡಿಸ್ಕಿನ ನಂಬರನ್ನು ಬೆಳಿಗ್ಗೆ ಸೂಚನೆ ಬಂದಾಗಲೇ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟಿದ್ದಳಂತೆ.

‘ಕೆಟ್ಟಿರೋದ್ರ ಕೊನೆ ನಂಬರು ನಲವತ್ತೇಳು ಕಣ್ರೀ. ಇದು ಐವತ್ತೆರಡು. ಕೈ ತೆಗೀರಿ!’

‘ಅದು ಲೊಡಲೊಡ ಅಂತು ಕಣೇ...’

‘ಮಿಶಿನ್ನು ಲೊಡಲೊಡ ಅಂದ್ರೆ ಒಳಗೇನೋ ಮುರಿದದೆ ಅಂತ! ಅದೇನು ಕೊಬ್ಬರೀನಾ?’

ನನ್ನ ಬೆರಳು ಎಂಟರ್ ಮೇಲೇ ಇತ್ತು. ಮೆಲ್ಲಗೆ ಎತ್ತಿದೆ. ರಂಗಮ್ಮನ ಯಜಮಾನರು ಇನ್ನೊಂದು ಸಲ ಹೋಗುತ್ತಿದ್ದರು, ಈ ಸಲ ನನ್ನ ಕೈಯಿಂದ. ಈ ಹೆಂಗಸು ನನಗೆ ಸಿಕ್ಕಿದ್ದು ಯಾವ ಜನ್ಮದ ಪುಣ್ಯವೋ ಎಂದು ಮನಸ್ಸಿನಲ್ಲೇ ಕೈಮುಗಿದೆ. ಮನಸ್ಸಿನಲ್ಲೇ.

ಮಾರನೆಯ ದಿನ ರಂಗಮ್ಮ ಕಟ್ಟು ಹಾಕಿದ ಪಟವನ್ನು ಸೆರಗಿನಿಂದ ಒರೆಸಿ, ‘ಬಕೀಟು ಬುಟ್ಟಿಲ್ಲ ನೋಡು’ ಅಂತ ನಗುನಗುತ್ತಲೇ ಅತ್ತರು. ‘ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣಪ್ಪ. ನೀನಿಲ್ದಿದ್ರೆ ಇವ್ರು ಸಿಗ್ತಿರ್ಲಿಲ್ಲ.’ ನಾನು ವಿನಯದಿಂದ ತಲೆಬಾಗಿ, ಅಷ್ಟೂ ಆಶೀರ್ವಾದವನ್ನು ಒಬ್ಬನೇ ತೆಗೆದುಕೊಂಡೆ. ಅವರು ಹೋದ ಮೇಲೆ ಒಳಗಿನಿಂದ ಶಾಂತಾಳ ದನಿ ಬಂತು: ‘ರೀ, ಆ ಆಶೀರ್ವಾದಾನೂ ಎರಡು ಕಡೆ ಬರೀಬೇಕಿತ್ತಲ್ವಾ?’

ಬರೆದಿದ್ದೇನೆ, ಒಂದು ಪ್ರತಿ ನೀವು ಓದುತ್ತಿರುವ ಇದು. ಇನ್ನೊಂದನ್ನು ಬಾಯಿಬಿಟ್ಟು ಹೇಳಿಯೇಬಿಡೋಣವೆಂದು ಅಡುಗೆಮನೆಗೆ ಹೋಗಿ ‘ಥ್ಯಾಂಕ್ಸ್ ಕಣೇ’ ಅಂದೆ. ಅವಳು ಒದ್ದೆ ಕೈ ಸೀರೆಗೆ ಒರೆಸಿಕೊಂಡು ನನ್ನ ಹಣೆ ಮುಟ್ಟಿ ನೋಡಿದಳು.