ಕ್ಯಾಮೆರಾದ ಕ್ಲಾಕು, ಅಳಿಯನ ಚುರುಕು

ನನ್ನ ಕೆಲಸ ಏನೆಂದು ಕೇಳಿದವರಿಗೆ ಮೊದಮೊದಲು ನಿಜವನ್ನೇ ಹೇಳುತ್ತಿದ್ದೆ. ಅವರು ಮಧ್ಯದಲ್ಲೇ ಕಾಫಿ ತರುವ ನೆಪದಲ್ಲಿ ಎದ್ದು ಹೋಗತೊಡಗಿದ ಮೇಲೆ ‘ಕಂಪ್ಯೂಟರ್ ಕೆಲಸ’ ಎಂದು ಪಾರಾಗುವುದನ್ನು ಕಲಿತೆ. ನಿಮ್ಮಲ್ಲಿ ಮುಚ್ಚಿಡುವುದೇನು? ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಸೆನ್ಸರ್ ಎಂಬ ಪುಟ್ಟ ಸಾಮಾನು ಇರುತ್ತದಲ್ಲ, ಅದನ್ನು ಯಾವ ತಂತಿಗೆ ಜೋಡಿಸಿದೆ, ಅದಕ್ಕೆ ಎಷ್ಟು ಕರೆಂಟು ಬೇಕು, ಅದರ ಕ್ಲಾಕು ಎಷ್ಟು ವೇಗದಲ್ಲಿ ತಾಳ ಹಾಕುತ್ತದೆ ಎಂದು ಆಪರೇಟಿಂಗ್ ಸಿಸ್ಟಮ್ಮಿಗೆ ಬರೆದು ತಿಳಿಸುವುದು ನನ್ನ ಉದ್ಯೋಗ. ಸೆನ್ಸರನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮಿಗೆ ಸ್ವಂತ ಕಣ್ಣಿಲ್ಲ. ನಾನು ಬರೆದದ್ದೇ ಅದಕ್ಕೆ ಸತ್ಯ. ಮದುವೆ ದಲ್ಲಾಳಿ ಹೇಳಿದ್ದನ್ನು ಹೆಣ್ಣಿನ ಕಡೆಯವರು ನಂಬುತ್ತಾರಲ್ಲ, ಹಾಗೆ. ನನ್ನ ವಿಷಯದಲ್ಲಿ ದಲ್ಲಾಳಿ ‘ಹುಡುಗ ಬಲು ಚುರುಕು’ ಎಂದಿದ್ದನಂತೆ. ಬಿಂಡಿಗನವಿಲೆಯ ನಮ್ಮತ್ತೆ ಅದನ್ನು ನಂಬಿ ಮಗಳು ಸವಿತಾಳನ್ನು ಕೊಟ್ಟರು. ನಾನು ಒಂದು ಬಿಂದಿಗೆ ನೀರು ತರುವುದನ್ನು ಕಂಡ ದಿನದಿಂದ ಆ ದಲ್ಲಾಳಿಯನ್ನು ಹುಡುಕುತ್ತಿದ್ದಾರೆ.

ಈಚೆಗೆ ಅತ್ತೆಯವರ ತಂಗಿಯ ಮನೆಯಲ್ಲಿ, ಕೆ.ಆರ್. ಪೇಟೆಯಲ್ಲಿ, ತೊಟ್ಟಿಲ ಶಾಸ್ತ್ರ ಬಂತು. ಆ ತಂಗಿಯ ಮಗಳಿಗೆ ಬಹಳ ವರ್ಷ ಕಾದ ಮೇಲೆ ಹುಟ್ಟಿದ ಕೂಸು. ದೊಡ್ಡಜ್ಜಿಯಾದ ನಮ್ಮತ್ತೆಯೇ ಬಂದು ತೊಟ್ಟಿಲಿಗೆ ಹಾಕಬೇಕೆಂದು ಅವರೆಲ್ಲ ಹಟ ಹಿಡಿದಿದ್ದರು. ಆದರೆ ಇಲ್ಲಿ ಅತ್ತೆಯ ಕೊಟ್ಟಿಗೆಯಲ್ಲಿ ಕೆಂಪಿ ತುಂಬು ಗಬ್ಬದ ಹಸು. ‘ನೀವು ಹೋಗಿ ಬನ್ನಿ ಅತ್ತೆ, ನಾನಿರುತ್ತೇನೆ’ ಎಂದೆ.

‘ನೀವು ಇರ್ತೀರ ಅಂತ್ಲೇ ನಂಗೆ ಭಯ ಕಣ್ರಪ್ಪ’ ಎಂದರು ಅತ್ತೆ.

ರೋಷ ಬಂತು. ನಾಗಮಂಗಲದ ನಮ್ಮ ಮನೆಯಿಂದ ಒಂದು ಹಳೆಯ ಸರ್ಕ್ಯೂಟ್ ಬೋರ್ಡು, ಸೆನ್ಸರು, ಲ್ಯಾಪ್‌ಟಾಪು ತಂದು ಕೊಟ್ಟಿಗೆಯ ಕಂಬಕ್ಕೆ ಕ್ಯಾಮೆರಾ ಕಟ್ಟಿದೆ. ಆಗಾಗ ಒಂದು ತುಣುಕು ವಿಡಿಯೋ ಸವಿತಾಳ ಫೋನಿಗೆ ಹೋಗುವಂತೆ ಮಾಡಿದೆ. ಹಸುವಿನ ಮೇಲೂ ನನ್ನ ಮೇಲೂ ಏಕಕಾಲಕ್ಕೆ ಕಣ್ಣಿಡಬಹುದೆಂದು ತಿಳಿದಾಗ ಅತ್ತೆಯ ಮುಖ ಅರಳಿತು. ರೇಷ್ಮೆ ಸೀರೆ ಉಟ್ಟು ಮಗಳೊಂದಿಗೆ ಬಸ್ಸು ಹತ್ತಿದರು.

ಸ್ವಲ್ಪ ಹೊತ್ತಿಗೆಲ್ಲ ಸವಿತಾಳ ಫೋನು. ‘ರೀ, ಅವ್ವ ನಿಮ್ ವಿಡಿಯೋನ ಮನೆ ತುಂಬ ತೋರಿಸ್ತಾ ಅವ್ಳೆ.’ ಹಿಂದಿನಿಂದ ಅತ್ತೆಯ ದನಿ: ‘ಸಗಣಿ ಬಾಚದು ನೋಡ್ರವ್ವ ನಮ್ ಅಳಿಯಂದ್ರು, ಮಿಶಿನ್ನು ಇದ್ದಂಗೆ. ನಾನೇ ಸುಮ್ಕೆ ಸೋಮಾರಿ ಅಂದ್ಕಂಡಿದ್ದೆ.’

ಓದುಗರೇ, ನಾನು ನೆಲದ ಮೇಲಿರಲಿಲ್ಲ. ಬಾಚಿದ ಜಾಗವನ್ನೇ ಮತ್ತೆ ಬಾಚಿದೆ. ಕೆಂಪಿಯ ಮುಂದೆ ನಿಂತು ಹಾಡಿದೆ. ಇಷ್ಟು ವರ್ಷ ನನ್ನೊಳಗೆ ಎಲ್ಲೋ ಅಡಗಿ ಕೂತಿದ್ದ ಚುರುಕು ಕೊನೆಗೂ ಹೊರಬಂತೆಂದು ನಂಬಿಯೇ ಬಿಟ್ಟೆ.

ಮುಂದಿನ ತುಣುಕು ಹೋದ ಮೇಲೆ ಅತ್ತೆಯೇ ಫೋನು ಮಾಡಿದರು. ‘ಕೆಂಪಿ ಹೊಟ್ಟೆ ಅಂಗೇ ಬಡ್ಕತಾ ಅದೆ. ಮೆಲುಕು ನೋಡುದ್ರೆ ಯಾರೋ ಅಟ್ಟಿಸ್ಕಂಡ್ ಬಂದಂಗದೆ. ಇದು ಕರು ಹಾಕೋ ನೋವೇ ಸೈ. ನಾನು ಬಸ್ಸತ್ತಿ ಬಂದ್ಬುಡ್ತೀನಿ.’

ತಿರುಗಿ ನೋಡಿದೆ. ಕೆಂಪಿ ಅರೆಗಣ್ಣು ಮುಚ್ಚಿಕೊಂಡು ಪರಮ ನಿಧಾನವಾಗಿ ಮೆಲುಕು ಹಾಕುತ್ತಿತ್ತು. ‘ಹಸು ಆರಾಮಾಗಿದೆ ಅತ್ತೆ’ ಎಂದೆ. ‘ನಿಮಗೇನ್ ಗೊತ್ತಾದದು? ನಾನು ಕಣ್ಣಾರೆ ನೋಡ್ತಾ ಇವ್ನಿ’ ಎಂದರು. ನಾನು ಲ್ಯಾಪ್‌ಟಾಪಿನಲ್ಲಿ ಅದೇ ವಿಡಿಯೋ ನೋಡಿದೆ. ಹಸುವಿನ ಬಾಲ ಚಾಟಿಯಂತೆ ಬೀಸುತ್ತಿತ್ತು. ಪಕ್ಕದಲ್ಲಿ ನಾನು ಬುಗುರಿಯಂತೆ ಸುತ್ತುತ್ತಿದ್ದೆ.

ಆಗ ಹೊಳೆಯಿತು. ಆಫೀಸಿನ ಬೋರ್ಡಿಗೆ ಬರೆದಿದ್ದ ವಿವರವನ್ನೇ ಹೆಸರು ಬದಲಿಸಿ ಇಲ್ಲಿಗೂ ಅಂಟಿಸಿದ್ದೆ. ಅಲ್ಲಿನ ಕ್ಲಾಕಿನ ವೇಗದಲ್ಲಿ ಇಲ್ಲಿಯದು ಅರ್ಧದಷ್ಟೇ. ಪಾಪದ ಡ್ರೈವರು ನನ್ನ ಮಾತು ನಂಬಿ, ನಿಧಾನವಾಗಿ ಬಂದ ಚಿತ್ರಗಳನ್ನು ಬೇಗ ಬಂದವೆಂದೇ ಲೆಕ್ಕ ಹಾಕಿತ್ತು. ಹಾಗಾಗಿ ವಿಡಿಯೋದಲ್ಲಿ ಜಗತ್ತೆಲ್ಲ ಎರಡರಷ್ಟು ವೇಗದಲ್ಲಿ ಓಡುತ್ತಿತ್ತು. ಹಸುವೂ, ಅಳಿಯನೂ.

ಸರಿಪಡಿಸಲು ಒಂದು ಸಾಲು ತಿದ್ದಿದರೆ ಸಾಕು. ಆದರೆ ಕೈ ಮೇಲೇಳಲಿಲ್ಲ. ಹಸುವನ್ನು ಮಾತ್ರ ನಿಧಾನ ಮಾಡಿ ನನ್ನನ್ನು ಹಾಗೇ ಬಿಡುವ ಉಪಾಯ ಇದೆಯೇ ಎಂದು ಗಂಭೀರವಾಗಿ ಯೋಚಿಸಿದೆ ಎಂದರೆ ನಂಬಿ. ಅಷ್ಟರಲ್ಲಿ ಫೋನಿನ ಆಚೆ ಅತ್ತೆಯ ತಂಗಿಯ ದನಿ ಕೇಳಿತು: ‘ಕೂಸ ಕೈಗೆ ಎತ್ಕಳ್ದೆ ಒಂಟೋಯ್ತೀಯಾ ಅಕ್ಕ?’ ಅವರು ಅಳುತ್ತಿದ್ದರು. ಸಾಲು ತಿದ್ದಿದೆ. ಪೊರಕೆ ಹಿಡಿದು, ದೇಹದಲ್ಲಿದ್ದ ಶಕ್ತಿಯನ್ನೆಲ್ಲ ಬಳಸಿ ಗುಡಿಸಿದೆ. ಹೊಸ ತುಣುಕು ಹೋಯಿತು.

ಬಹಳ ಹೊತ್ತಿನ ಮೇಲೆ ಫೋನು ಬಂತು. ಹಿಂದೆ ಹೆಂಗಸರು ಜೋಗುಳ ಹಾಡುತ್ತಿದ್ದರು. ‘ಕೆಂಪಿ ಸರಿಹೋಯ್ತು, ಕೂಸ ತೊಟ್ಲಿಗಾಕ್ದೆ’ ಎಂದರು ಅತ್ತೆ. ದನಿಯಲ್ಲಿ ಆನಂದ ತುಂಬಿತ್ತು. ಆಮೇಲೆ ಅವರು ದನಿ ತಗ್ಗಿಸಿದರು.

‘ಅಳಿಯಂದ್ರೇ, ಕೆಂಪಿ ಏನೋ ಸರಿಹೋಯ್ತು. ನಿಮಗೇನಾಯ್ತು? ಕೈಕಾಲೇ ಆಡ್ತಾ ಇಲ್ವಲ್ಲ. ಜ್ವರ ಗಿರ ಬಂದದಾ?’

ಕ್ಯಾಮೆರಾದ ಕಡೆಗೊಮ್ಮೆ ನೋಡಿ, ಹಣೆಯ ಮೇಲೆ ಕೈಯಿಟ್ಟುಕೊಂಡು, ‘ಹೌದು ಅತ್ತೆ, ಸ್ವಲ್ಪ ಮೈ ಬಿಸಿ’ ಎಂದೆ.