ಅಶೋಕನನ್ನು ತಪಾಸಣೆ ಮಾಡಿದ ಮಾವ

ನಮ್ಮ ಸೋದರಮಾವ ಈ ಲೋಕದಲ್ಲಿ ಒಬ್ಬರನ್ನೂ ನಂಬುವುದಿಲ್ಲ. ಈ ಮಾತನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ಅವರಿಗಂತೂ ನಿಮ್ಮ ಮೇಲೆ ಗೌರವ ಹೆಚ್ಚುತ್ತದೆ.

ಅನುಮಾನ ಅವರ ಸ್ವಭಾವವೋ ಕಸುಬೋ ಎಂದು ಬಿಡಿಸಿ ಹೇಳುವುದು ಕಷ್ಟ. ನಿವೃತ್ತರಾಗುವವರೆಗೂ ಸರ್ಕಾರಿ ಬಸ್ಸಿನ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದವರು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ರಸ್ತೆಗಳಲ್ಲಿ ಯಾವ ತಿರುವಿನ ಹುಣಸೆ ಮರದ ಹಿಂದೆ ಜೀಪು ನಿಲ್ಲಿಸಿದರೆ ಕಂಡಕ್ಟರ ಕಣ್ಣಿಗೆ ಬೀಳುವುದಿಲ್ಲ ಎಂಬುದು ಅವರಿಗೆ ಬಾಯಿಪಾಠ. ಆದರೆ ಕೆಲಸಕ್ಕೆ ಸೇರುವ ಮೊದಲೂ ಅವರು ಹೀಗೇ ಇದ್ದರು ಎನ್ನುವುದಕ್ಕೆ ಅವರ ಮದುವೆಯೇ ಪುರಾವೆ. ಪುರೋಹಿತರು ಮುಹೂರ್ತ ಬಂತೆಂದು ಗಟ್ಟಿಮೇಳಕ್ಕೆ ಕೈಯೆತ್ತಿದರಂತೆ. ಮಾವ ತಾಳಿ ಹಿಡಿದ ಕೈಯಲ್ಲೇ ಗಡಿಯಾರ ನೋಡಿ, "ಇನ್ನೂ ಎರಡು ನಿಮಿಷ ಇದೆ ಸ್ವಾಮಿ" ಎಂದರಂತೆ. ಊದಲು ಉಸಿರೆಳೆದಿದ್ದ ವಾಲಗದವರು ಹಾಗೇ ಉಬ್ಬಿಕೊಂಡು ನಿಂತರು. "ಆ ಎರಡು ನಿಮಿಷದಲ್ಲಿ ನಾನು ಎದ್ದು ಹೋಗಿಬಿಡಬಹುದಿತ್ತು ಕಣೇ" ಎಂದು ಅತ್ತೆ ಇವತ್ತಿಗೂ ನನ್ನ ಹತ್ತಿರ ಹೇಳುತ್ತಾರೆ.

ಮಾವ ಹುಟ್ಟಿದ್ದು ಆಂಧ್ರದ ಗಡಿಗೆ ಅಂಟಿದ ರಾಯಲ್ಪಾಡಿನಲ್ಲಿ. ಹಾಗಾಗಿ ಮಾತೆಲ್ಲ ಕನ್ನಡ, ಅನುಮಾನ ಮಾತ್ರ ತೆಲುಗು. ಯಾರು ಏನು ಹೇಳಿದರೂ ಮೊದಲು "ನಿಜಮಾ?" ಎನ್ನುತ್ತಾರೆ. ನಿಜ ಎಂದರೆ "ಎವುರು ಚೆಪ್ಪಿನಾರು?" ಎನ್ನುತ್ತಾರೆ, ಹೇಳಿದವರು ಯಾರು ಎಂದು. ಅವರ ಮನೆಗೆ ಮಗು ಹುಟ್ಟಿದ ಸುದ್ದಿ ತಂದವರೂ ಈ ಎರಡು ಪ್ರಶ್ನೆ ದಾಟಿಯೇ ಸಕ್ಕರೆ ಹಂಚಬೇಕು.

ನಿವೃತ್ತಿಯಾದ ಮೇಲೂ ಬಸ್ಸು ಹತ್ತಿದರೆ ಅವರ ಕಣ್ಣು ಸುಮ್ಮನಿರುವುದಿಲ್ಲ. ಹೆಂಗಸರಿಗೆ ಪ್ರಯಾಣ ಉಚಿತವಾಗಿ, ಸೊನ್ನೆ ರೂಪಾಯಿಯ ಟಿಕೆಟ್ ಬಂದಾಗಿನಿಂದ ಅವರಿಗೆ ಹೊಸ ಚಿಂತೆ. ಒಂದು ದಿನ ಶ್ರೀನಿವಾಸಪುರದ ಬಸ್ಸಿನಲ್ಲಿ, ಪಕ್ಕದಲ್ಲಿ ಟೊಮೆಟೊ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸನ್ನು, "ಫ್ರೀ ಅಂದ್ರೆ ಟಿಕೆಟ್ ತಗೋಬಾರ್ದು ಅಂತ ಅಲ್ಲಮ್ಮ. ಎಲ್ಲಿ, ತೋರ್ಸಿ" ಎಂದು ಕೇಳಿದ್ದಾರೆ. ಆಕೆ, "ನೀವ್ಯಾರು?" ಎಂದಳು. ಇವರು, "ರಿಟೈರ್ಡ್ ಇನ್ಸ್‌ಪೆಕ್ಟರು" ಎಂದರು. ಆಕೆ ಸೆರಗಿನ ತುದಿಯಿಂದ ತನ್ನ ಟಿಕೆಟ್ ಬಿಚ್ಚಿ ತೋರಿಸಿ, "ಈಗ ನಿಮ್ದು ತೋರ್ಸಿ" ಎಂದಳು. ಊರವರ ಟಿಕೆಟ್ ಎಣಿಸುವ ಭರದಲ್ಲಿ ಮಾವ ತಾವು ತೆಗೆದುಕೊಳ್ಳುವುದನ್ನೇ ಮರೆತಿದ್ದರು. ಈ ಪ್ರಸಂಗವನ್ನು ನನಗೆ ಹೇಳಿದ್ದು ಅವರಲ್ಲ. ಯಾರು ಹೇಳಿದರು ಎಂದು ಅವರು ಇನ್ನೂ ತನಿಖೆ ನಡೆಸುತ್ತಿದ್ದಾರೆ.

ಇಂಥವರು ಕಳೆದ ವರ್ಷ ಮನೆಯಲ್ಲೇ ಕೂತು ಓದುವ ಎಂ.ಎ.ಗೆ ಸೇರಿದರು. ಅದೂ ಇತಿಹಾಸ. ಯಾಕೆ ಮಾವ ಎಂದು ಕೇಳಿದರೆ, "ನಾವು ಚಿಕ್ಕೋರಿದ್ದಾಗ ಮೇಷ್ಟ್ರು ಏನೇನೋ ಹೇಳ್ಬಿಟ್ಟಿದ್ದಾರೆ. ಸ್ವಲ್ಪ ಚೆಕ್ ಮಾಡ್ಬೇಕು" ಎಂದರು. ನಾನು ಕೋಲಾರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಆದ್ದರಿಂದ ಅವರ ಅನುಮಾನಗಳೆಲ್ಲ ನನ್ನ ತಲೆಗೆ ಬಂದವು.

ಮೊದಲ ಪ್ರಬಂಧಕ್ಕೆ ಬಂದ ವಿಷಯ: ಎರಡು ಪ್ರಾಚೀನ ಸಾಮ್ರಾಜ್ಯಗಳನ್ನು ಹೋಲಿಸಿ. ಪ್ರಬಂಧದ ಆರಂಭದಲ್ಲೇ ಗಟ್ಟಿಯಾದ ಪ್ರತಿಪಾದನೆಯ ವಾಕ್ಯ ಒಂದಿರಬೇಕು ಎಂಬುದು ಷರತ್ತು. ಎಂದರೆ, ಮುಂದಿನ ಹತ್ತು ಪುಟದಲ್ಲಿ ನೀವು ಏನನ್ನು ಸಾಧಿಸಿ ತೋರಿಸುತ್ತೀರೋ ಅದನ್ನು ಮೊದಲೇ ಒಂದು ವಾಕ್ಯದಲ್ಲಿ ಹೇಳಿಬಿಡಬೇಕು. ಮಾವ ಮೌರ್ಯರನ್ನೂ ಪರ್ಷಿಯಾದವರನ್ನೂ ಆರಿಸಿಕೊಂಡು, ಒಂದು ವಾರ ಕೂತು, ಒಂದು ವಾಕ್ಯ ತಂದರು.

"ಮೌರ್ಯ ಮತ್ತು ಪರ್ಷಿಯಾ ಸಾಮ್ರಾಜ್ಯಗಳ ನಡುವೆ ಕೆಲವು ಸಾಮ್ಯಗಳೂ ಕೆಲವು ವ್ಯತ್ಯಾಸಗಳೂ ಇವೆ."

ನಾನು ಓದಿ, "ಮಾವ, ಇದು ನಮ್ಮನೆ ಎಮ್ಮೆಗೂ ಪಕ್ಕದ ಮನೆ ಎಮ್ಮೆಗೂ ಹೊಂದುತ್ತೆ" ಎಂದೆ.

"ತಪ್ಪಿದ್ರೆ ತೋರ್ಸು ನೋಡೋಣ."

"ತಪ್ಪೇ ಇಲ್ಲ. ಅದೇ ತೊಂದ್ರೆ. ಗಟ್ಟಿ ವಾಕ್ಯ ಅಂದ್ರೆ ಇನ್ನೊಬ್ಬರು 'ಇಲ್ಲ' ಅನ್ನೋಕೆ ಜಾಗ ಇರಬೇಕು. ಅವರು ಇಲ್ಲ ಅಂದಾಗ ನೀವು ಆಧಾರ ಕೊಟ್ಟು ಹೌದು ಅನ್ನಿಸಬೇಕು."

ಮಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಂದ್ರೆ ಬೇಕು ಅಂತಲೇ ಸಿಕ್ಕಿಬೀಳೋ ಹಾಗೆ ಬರೀಬೇಕಾ?"

ಆಗ ನನಗೆ ಅವರ ಸಂಕಟ ಅರ್ಥವಾಯಿತು. ಜೀವನಪೂರ್ತಿ ಬೇರೆಯವರನ್ನು ಹಿಡಿದವರು. ಈಗ ತಾವೇ ಬಸ್ಸಿನ ಮಧ್ಯೆ ನಿಂತು, ನಾನು ಹೀಗೆನ್ನುತ್ತೇನೆ, ಬಂದು ಚೆಕ್ ಮಾಡಿ ಎನ್ನಬೇಕು. ಯಾರಿಗೆ ತಾನೇ ಸುಲಭ?

ಎರಡನೆಯ ವಾರ ಗೈಡೊಂದರಿಂದ ವಾಕ್ಯ ತಂದರು. ಎರಡೂ ಮಹಾನ್ ಸಾಮ್ರಾಜ್ಯಗಳು ಎಂದಿತ್ತು. ಅದನ್ನು ನನಗೆ ಓದಿ ಹೇಳುತ್ತಲೇ ಅವರಿಗೆ ತಡೆಯಲಾಗಲಿಲ್ಲ. "ಮಹಾನ್ ಅಂತ ಎವುರು ಚೆಪ್ಪಿನಾರು? ಸೋತವರನ್ನ ಕೇಳಿದ್ರಾ?" ಎಂದು ತಾವೇ ಗೈಡನ್ನು ಮುಚ್ಚಿ ಪಕ್ಕಕ್ಕಿಟ್ಟರು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿರಲಿಲ್ಲ. ಇವರಿಗೆ ದಾರಿ ತೋರಿಸಿದರೆ ಎಲ್ಲಿಗಾದರೂ ಹೋಗುತ್ತಾರೆ ಅನ್ನಿಸಿ, "ಎರಡೂ ಕಡೆಯ ಅರಸರು ಬಂಡೆ ಮೇಲೆ ಬರೆಸಿದ್ದಾರೆ ಮಾವ. ಅಲ್ಲಿಂದ ಶುರು ಮಾಡಿ" ಎಂದು ಎರಡು ಪುಸ್ತಕ ಕೊಟ್ಟೆ.

ಪರ್ಷಿಯಾದ ಡೇರಿಯಸ್ ದಂಗೆಯೆದ್ದವರನ್ನೆಲ್ಲ ಹಿಡಿದು, ಯಾರನ್ನು ಎಲ್ಲಿ ಹಿಡಿದೆ, ಏನು ಮಾಡಿದೆ ಎಂದು ಕಡಿದಾದ ಬೆಟ್ಟದ ಮೈಮೇಲೆ ಕೆತ್ತಿಸಿದ್ದಾನೆ. ಕೊರಳಿಗೆ ಹಗ್ಗ ಬಿಗಿಸಿಕೊಂಡ ಸೆರೆಯಾಳುಗಳ ಚಿತ್ರವೂ ಇದೆ. ಮಾವನಿಗೆ ಅವನು ತಕ್ಷಣ ಅರ್ಥವಾದ. "ಇವನು ರಿಪೋರ್ಟ್ ಬರೆಯೋನು. ನಮ್ಮ ಡಿಪಾರ್ಟ್‌ಮೆಂಟಿನವನು" ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ, "ಅಷ್ಟು ಎತ್ತರದಲ್ಲಿ ಯಾಕೆ ಬರೆಸಿದ? ಕೆಳಗೆ ನಿಂತವರಿಗೆ ಚಿತ್ರ ಕಾಣುತ್ತೆ, ಅಕ್ಷರ ಕಾಣಲ್ಲ. ಹೆದರ್ಬೇಕು, ಆದ್ರೆ ಚೆಕ್ ಮಾಡ್ಬಾರ್ದು" ಎಂದರು.

ಅಶೋಕ ಅವರನ್ನು ಕಾಡಿದ. ಕಳಿಂಗ ಯುದ್ಧದಲ್ಲಿ ಸತ್ತವರನ್ನು, ನೊಂದವರನ್ನು ನೆನೆದು ಮರುಗಿದ್ದೇನೆ ಎಂದು ಅರಸನೇ ಬಂಡೆಯ ಮೇಲೆ ಬರೆಸುವುದೆಂದರೇನು? ಶಾಲೆಯಲ್ಲಿ ನಾವೆಲ್ಲ ಇದನ್ನು ಓದಿ ಕಣ್ಣೊರೆಸಿಕೊಂಡು ಮುಂದಿನ ಪಾಠಕ್ಕೆ ಹೋದವರು. ಮಾವ ಹೋಗಲಿಲ್ಲ. ಆ ಶಾಸನ ಯಾವ ಯಾವ ಊರಿನ ಬಂಡೆಯಲ್ಲಿದೆ ಎಂಬ ಪಟ್ಟಿ ಕೊಡು ಎಂದು ಹಟ ಹಿಡಿದರು. ನಕ್ಷೆ ಇರುವ ಇನ್ನೊಂದು ಪುಸ್ತಕ ತಂದುಕೊಟ್ಟೆ.

ಮೂರನೆಯ ದಿನ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ಫೋನು. "ಸಿಕ್ಕಿಬಿದ್ದ" ಎಂದರು.

"ಯಾರು ಮಾವ?"

"ಅಶೋಕ. ಮರುಗಿದ್ದೀನಿ ಅನ್ನೋ ಆ ಶಾಸನ ಎಷ್ಟೊಂದು ಕಡೆ ಇದೆ. ಕಳಿಂಗದ ಬಂಡೆಗಳಲ್ಲಿ ಮಾತ್ರ ಇಲ್ಲ. ಬೇರೆ ಶಾಸನ ಇದೆ ಅಲ್ಲಿ, ಇದಿಲ್ಲ. ಯಾರನ್ನ ಕೊಂದನೋ ಅವರ ಊರಲ್ಲಿ ಮಾತ್ರ ಹೇಳ್ಲಿಲ್ಲ ಕಣೇ."

ಇದು ವಿದ್ವಾಂಸರಿಗೆ ಬಹಳ ಹಿಂದೆಯೇ ಗೊತ್ತಿರುವ ಸಂಗತಿ. ಆದರೆ ಅದನ್ನು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅವರ ದನಿಯಲ್ಲಿ ಅಷ್ಟು ಖುಷಿ ಇತ್ತು.

ಆ ಭಾನುವಾರ ನನ್ನನ್ನು ಮನೆಗೆ ಕರೆಸಿ ತಮ್ಮ ವಾಕ್ಯವನ್ನು ಓದಿದರು. ಅತ್ತೆ ಅಲ್ಲೇ ಕೂತು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದರು.

"ಪರ್ಷಿಯಾದ ಅರಸ ತನ್ನ ಗೆಲುವನ್ನು ಸೋತವರು ನೋಡಲೆಂದು ಕೆತ್ತಿಸಿದ, ಮೌರ್ಯ ಅರಸ ತನ್ನ ಪಶ್ಚಾತ್ತಾಪವನ್ನು ನೊಂದವರು ನೋಡದಂತೆ ಕೆತ್ತಿಸಿದ; ಆದ್ದರಿಂದ ಎರಡು ಸಾಮ್ರಾಜ್ಯಗಳಲ್ಲೂ ಬಂಡೆ ಮಾತಾಡಿದ್ದು ಅರಸನ ಹೆಸರಿಗಾಗಿಯೇ ಹೊರತು ಪ್ರಜೆಗಾಗಿ ಅಲ್ಲ."

ನನಗೆ ನಿಜವಾಗಿ ರೋಮಾಂಚನವಾಯಿತು. ಇದಕ್ಕೆ ಇಲ್ಲ ಎನ್ನಬಹುದು. ಕಳಿಂಗದ ಬಂಡೆಯಲ್ಲಿ ಅಶೋಕ ಪ್ರಜೆಗಳೆಲ್ಲ ನನ್ನ ಮಕ್ಕಳು ಎಂದಿದ್ದಾನಲ್ಲ, ಯಾರನ್ನೂ ಪೀಡಿಸಬೇಡಿ ಎಂದು ಅಧಿಕಾರಿಗಳಿಗೆ ಹೇಳಿದ್ದಾನಲ್ಲ ಎಂದು ವಾದಿಸಬಹುದು. ಗಟ್ಟಿ ವಾಕ್ಯದ ಲಕ್ಷಣವೇ ಅದು. ನಾನು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಲೆ ಎತ್ತದೆ ಹೇಳಿದರು.

"ಆ ಕಂಡಕ್ಟರ್ ವಿಷಯ ನೀವು ಎಲ್ಲೆಲ್ಲಿ ಹೇಳಿದ್ದೀರಿ?"

ಮಾವ ಹಾಳೆ ಕೆಳಗಿಟ್ಟರು.

ಕಂಡಕ್ಟರ್ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸುಮಾರು ಇಪ್ಪತ್ತು ವರ್ಷದ ಹಿಂದೆ ಮುಳಬಾಗಿಲಿನ ಬಸ್ಸೊಂದನ್ನು ಮಾವ ತಡೆದಿದ್ದರು. ಒಬ್ಬ ಮುದುಕಿಯ ಹತ್ತಿರ ಟಿಕೆಟ್ ಇರಲಿಲ್ಲ; ದುಡ್ಡು ಕೊಟ್ಟಿದ್ದೇನೆ ಎಂದು ಆಕೆ ಆಣೆ ಇಟ್ಟಳು. ಕಂಡಕ್ಟರು ಟಿಕೆಟ್ ಕೊಟ್ಟಿದ್ದೇನೆ ಎಂದರು. ಮಾವ ನಂಬಲಿಲ್ಲ. ಪ್ರಯಾಣಿಕರೆಲ್ಲ ನೋಡುತ್ತಿದ್ದಂತೆ ಅವರನ್ನು ಕೆಳಗಿಳಿಸಿ, ರಸ್ತೆ ಬದಿಯಲ್ಲೇ ಚೀಲ, ಜೇಬು ಎಲ್ಲ ತಡಕಿಸಿ, ಕಳ್ಳತನವೆಂದು ರಿಪೋರ್ಟ್ ಬರೆದರು. ಮುಳಬಾಗಿಲಿನವರೇ ಆದ ಆ ಕಂಡಕ್ಟರು ಸಸ್ಪೆಂಡ್ ಆದರು. ಒಂದು ತಿಂಗಳಾದ ಮೇಲೆ ಮುದುಕಿಯ ಮಗ ಡಿಪೋಗೆ ಬಂದ. ಅವರಮ್ಮನ ಎಲೆಅಡಿಕೆ ಚೀಲದ ತಳದಲ್ಲಿ, ಎಲೆಗಳ ನಡುವೆ, ಆ ಟಿಕೆಟ್ ಇತ್ತು. ತಪ್ಪು ನನ್ನದು ಎಂದು ಮಾವನೇ ಆಫೀಸಿಗೆ ಬರೆದರು. ಕಾಗದಪತ್ರ ಓಡಾಡಿ ಕಂಡಕ್ಟರು ಮತ್ತೆ ಕೆಲಸಕ್ಕೆ ಬಂದದ್ದು ಇನ್ನೂ ಎರಡು ತಿಂಗಳಾದ ಮೇಲೆ. ಅಂದಿನಿಂದ ಹೊಸ ಇನ್ಸ್‌ಪೆಕ್ಟರುಗಳಿಗೆ ತರಬೇತಿ ನಡೆದಲ್ಲೆಲ್ಲ ಮಾವ ಈ ಕಥೆ ಹೇಳುತ್ತಿದ್ದರು. ಕೋಲಾರದಲ್ಲಿ ಹೇಳಿದ್ದಾರೆ, ಚಿಕ್ಕಬಳ್ಳಾಪುರದಲ್ಲಿ ಹೇಳಿದ್ದಾರೆ, ಬೆಂಗಳೂರಿನಲ್ಲಿ ಹೇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.

"ಮುಳಬಾಗಿಲಲ್ಲಿ ಹೇಳಿದ್ರಾ?" ಎಂದು ಅತ್ತೆ ಕೇಳಿದರು. ಅವರೆಕಾಳೊಂದು ಅವರ ಬೆರಳಿನಿಂದ ಚಿಮ್ಮಿ ಬಟ್ಟಲಿಗೆ ಬಿತ್ತು.

ಮಾವ "ನಿಜಮಾ" ಅನ್ನಲಿಲ್ಲ. ಎದ್ದು ಹಿತ್ತಲಿಗೆ ಹೋದರು.

ಆ ಪ್ರಬಂಧಕ್ಕೆ ಏನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಬಹಳ ಒಳ್ಳೆಯ ಅಂಕ ಬಂತು. ಇಷ್ಟು ಕೊಡಲು ಸಾಧ್ಯವಿಲ್ಲ, ಎಲ್ಲೋ ಏನೋ ಆಗಿದೆ ಎಂದು ಮಾವ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದರು.

ಆದರೆ ಅದು ಆಮೇಲಿನ ಮಾತು. ಆ ಭಾನುವಾರದ ನಂತರ ಎರಡು ದಿನ ಅವರು ಯಾರನ್ನೂ ಏನನ್ನೂ ಚೆಕ್ ಮಾಡಲಿಲ್ಲವಂತೆ. ಪೇಪರಿನವನು ಒಂದು ಪುಟ ಕಡಿಮೆ ಹಾಕಿದ್ದರೂ ಕೇಳಲಿಲ್ಲವಂತೆ. ಅತ್ತೆಗೆ ಅದನ್ನು ನೋಡಿ ಗಾಬರಿಯಾಗಿದೆ. ಮೂರನೆಯ ದಿನ ಮಾವ ನನಗೆ ಫೋನ್ ಮಾಡಿ, "ಮುಳಬಾಗಿಲಿಗೆ ಹೋಗ್ತೀನಿ. ನೀನೂ ಬಾ" ಎಂದರು.

"ನಾನ್ಯಾಕೆ ಮಾವ?"

"ಸಾಕ್ಷಿಗೆ. ಅಲ್ಲಿಗೆ ಹೋಗಿ ನಾನು ಬೇರೇನಾದ್ರೂ ಮಾತಾಡಿ ವಾಪಸ್ ಬಂದುಬಿಡ್ತೀನೇನೋ ಅಂತ ನನಗೆ ಅನುಮಾನ."

ಕಂಡಕ್ಟರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಿವೃತ್ತರಾಗಿ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಚೀಲ ರಿಪೇರಿ ಮಾಡುತ್ತಿದ್ದರು. ಬಿಳಿ ಗಡ್ಡ, ತಲೆಗೆ ಟೋಪಿ. ಮಾವನನ್ನು ನೋಡಿದ ಕ್ಷಣವೇ ಗುರುತು ಹಿಡಿದರು. ಪೆಡಲಿನ ಮೇಲಿದ್ದ ಕಾಲು ನಿಂತಿತು.

"ಏನ್ ಸಾರ್, ಮತ್ತೇನಾದ್ರೂ ಕೇಸಾ? ನಾನು ರಿಟೈರ್ ಆಗ್ಬಿಟ್ಟಿದ್ದೀನಿ."

"ಇಲ್ಲಪ್ಪ, ಸುಮ್ನೆ ಬಂದೆ."

"ಸುಮ್ನೆ ನೀವು ಯಾವತ್ತು ಬಂದಿದ್ದೀರಿ ಸಾರ್?"

ನಮ್ಮಿಬ್ಬರಿಗೂ ಕುರ್ಚಿ ಹಾಕಿದರು, ತಾವು ನಿಂತೇ ಇದ್ದರು. ಮಾವ ಹೈವೇ ಅಗಲವಾದ ವಿಷಯ ಮಾತಾಡಿದರು. ಟೊಮೆಟೊ ಮಾತಾಡಿದರು. ಹೊಲಿಗೆ ಯಂತ್ರ ಯಾವ ಕಾಲದ್ದು ಎಂದು ಕೇಳಿದರು. ನಾನು ಸಾಕ್ಷಿಯ ಕರ್ತವ್ಯವಾಗಿ ಒಂದು ಸಲ ಕೆಮ್ಮಿದೆ.

"ಅವತ್ತು ಪರಿಸ್ಥಿತಿ ಹೇಗಿತ್ತು ಅಂದ್ರೆ..." ಎಂದು ಮಾವ ಶುರು ಮಾಡಿದರು.

"ಏನು ಹೇಳೋಕೆ ಬಂದಿದ್ದೀರೋ ಅದನ್ನ ಹೇಳಿ ಸಾರ್" ಎಂದರು ಕಂಡಕ್ಟರು.

"ತಪ್ಪು ನಂದು. ನೀವು ಕದ್ದಿರ್ಲಿಲ್ಲ."

ಕಂಡಕ್ಟರು ಕೈಯಲ್ಲಿದ್ದ ಚೀಲದ ಜಿಪ್ಪು ಎಳೆದು ಮುಚ್ಚಿದರು. "ನನಗೆ ಗೊತ್ತಾಯ್ತು ಸಾರ್. ಆಫೀಸಿಂದ ಕಾಗದ ಬಂತು. ಆದ್ರೆ ಆ ಕಾಗದ ನಮ್ಮ ಬೀದಿಯವರು ಓದ್ಲಿಲ್ಲ. ಮೂರು ತಿಂಗಳು ನನ್ನ ಹೆಂಡ್ತಿ ಈ ಬೀದಿ ನಲ್ಲಿಗೆ ಹೋಗ್ಲಿಲ್ಲ. ಬಿಂದಿಗೆ ಎತ್ಕೊಂಡು ಆ ಕಡೆ ಬೀದಿಗೆ ಹೋಗ್ತಿದ್ಲು. ನನಗೇನೂ ಹೇಳ್ಬೇಡಿ. ಅವಳಿಗೆ ಹೇಳಿ." ಹಾಗೆಂದು ಒಳಗೆ ತಿರುಗಿ ದಖನಿ ಉರ್ದುವಿನಲ್ಲಿ ಹೆಂಡತಿಯನ್ನು ಕರೆದರು.

ಆಕೆ ಬಂದು ಬಾಗಿಲ ಬಳಿ ನಿಂತರು. ಸಣ್ಣ ಮೈಕಟ್ಟಿನ, ಕನ್ನಡಕದ ಹೆಂಗಸು. ಮಾವ ಎದ್ದು ನಿಂತರು. ಬೆಂಗಳೂರಿನ ಸಭೆಯಲ್ಲಿ ಅವರು ಹೇಗೆ ನಿಂತಿದ್ದರೋ ನನಗೆ ತಿಳಿಯದು. ಇಲ್ಲಿ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು.

"ನಿಮ್ಮ ಯಜಮಾನ್ರು ಕಳ್ಳ ಅಂತ ಎಲ್ಲರ ಮುಂದೆ ಹೇಳಿದೋನು ನಾನು. ಅದು ಸುಳ್ಳು. ಸುಳ್ಳು ಅಂತ ಒಂದೇ ತಿಂಗಳಿಗೆ ಗೊತ್ತಾಯ್ತು. ಆದ್ರೂ ಇಲ್ಲಿಗೆ ಬಂದು ಹೇಳೋಕೆ ನನಗೆ ಧೈರ್ಯ ಬರ್ಲಿಲ್ಲಮ್ಮ."

ಬೀದಿಯ ಬಾಗಿಲು ತೆರೆದೇ ಇತ್ತು. ಚೀಲ ಒಯ್ಯಲು ಬಂದಿದ್ದ ಇಬ್ಬರು ಹೆಂಗಸರು ಹೊಸ್ತಿಲಿನಾಚೆ ನಿಂತು ಕೇಳುತ್ತಿದ್ದರು. ಮಾವ ಅವರನ್ನೂ ನೋಡಿದರು, ದನಿ ತಗ್ಗಿಸಲಿಲ್ಲ.

ಆಕೆ ತಿರುಗಿ ಒಳಗೆ ಹೋದರು. ಒಳಗಿನಿಂದ ಪಾತ್ರೆಯ ಸದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ಆಕೆ ತಟ್ಟೆಯಲ್ಲಿ ಎರಡು ಲೋಟ ಚಹಾ ತಂದರು. ಒಂದನ್ನು ನನಗೆ ಕೊಟ್ಟರು, ಒಂದನ್ನು ಗಂಡನಿಗೆ ಕೊಟ್ಟರು. ಮಾವನ ಮುಂದೆ ಏನೂ ಇಡದೆ ಒಳಗೆ ಹೋದರು. ಲೋಟ ನನ್ನ ಕೈಯಲ್ಲಿ ಭಾರವಾಯಿತು. ಇದು ಸಿಗಬೇಕಾದದ್ದೇ ಎನ್ನುವಂತೆ ಮಾವ ತಮ್ಮ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಆಕೆ ಮತ್ತೆ ಬಾಗಿಲಿಗೆ ಬಂದು, ಮಾವನನ್ನು ನೋಡದೆ ನನ್ನನ್ನು ಕೇಳಿದರು. "ಅವರಿಗೆ ವಯಸ್ಸಾಗಿದೆ ಅಲ್ವಾಮ್ಮ, ಶುಗರ್ ಇದೆಯಾ? ಚಾಗೆ ಸಕ್ಕರೆ ಹಾಕ್ಬೋದಾ?"

ಮಾವನಿಗೆ ಹತ್ತು ವರ್ಷದಿಂದ ಶುಗರ್. ನಾನು ಉತ್ತರ ಹೇಳುವ ಮೊದಲೇ ಅವರು, "ಹಾಕಿಯಮ್ಮ, ನಿಮ್ಮ ಮನೇಲಿ ಎಲ್ಲರಿಗೂ ಎಷ್ಟು ಹಾಕ್ತೀರೋ ಅಷ್ಟೇ ಹಾಕಿ" ಎಂದರು. ಆಮೇಲೆ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು.